ಪಟ್ಟಣದ ಸರ್ಕಾರಿ ಶಾಲೆಯಲ್ಲಿ ನಮ್ಮೂರ ಹಾಡು, ನಮ್ಮೂರ ವಾದ್ಯ: ತರಗತಿ ಶುರು ಮಾಡುವುದು ಹೇಗೆ?

ನಾನು ಕಾರವಾರ ಪಟ್ಟಣದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಅಕ್ಕೋರು. ಗಣಿತ, ವಿಜ್ಞಾನ ನನ್ನ ವಿಷಯ. ಸಂಗೀತದ ಯಾವ ಪರೀಕ್ಷೆಯನ್ನೂ ಕಟ್ಟಿದವಳಲ್ಲ. ಆದರೂ ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಹಾಡು-ವಾದ್ಯದ ತರಗತಿ ತಪ್ಪದೆ ನಡೆಯುತ್ತದೆ. ಬೇರೆ ಶಾಲೆಯ ಶಿಕ್ಷಕರು ಸಭೆಗಳಲ್ಲಿ ಸಿಕ್ಕಾಗ "ನಿಮಗೆ ಸಂಗೀತ ಶಿಕ್ಷಕರ ಹುದ್ದೆ ಇದೆಯಾ? ದುಡ್ಡು ಎಲ್ಲಿಂದ?" ಎಂದು ಕೇಳುತ್ತಾರೆ. ಹುದ್ದೆ ಇಲ್ಲ. ದುಡ್ಡೂ ಜಾಸ್ತಿ ಬೇಕಾಗಿಲ್ಲ. ಹೇಗೆ ಮಾಡುತ್ತೇವೆ ಅನ್ನುವುದನ್ನು ಒಂದೇ ಕಡೆ ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು.

ಕಲಿಸಬೇಕಾದ ಸಂಗೀತ ಮಕ್ಕಳ ಮನೆಯಲ್ಲೇ ಇದೆ, ಕಲಿಸುವವರೂ ಅಲ್ಲೇ ಇದ್ದಾರೆ. ಅವರನ್ನು ಮರ್ಯಾದೆಯಿಂದ ಶಾಲೆಗೆ ಕರೆಯುವುದು ಶಿಕ್ಷಕರ ಕೆಲಸ. ಉಳಿದದ್ದೆಲ್ಲ ಅದರ ಏರ್ಪಾಡು ಅಷ್ಟೆ.

ಮೊದಲು, ಯಾರ ಮನೆಯಲ್ಲಿ ಏನಿದೆ ಎಂದು ತಿಳಿಯಿರಿ

ಪಟ್ಟಣದ ಶಾಲೆಗೆ ಒಂದು ಊರಿನ ಮಕ್ಕಳು ಬರುವುದಿಲ್ಲ, ಹತ್ತು ಊರಿನ ಮಕ್ಕಳು ಬರುತ್ತಾರೆ. ನಮ್ಮಲ್ಲಿ ಬೈತಖೋಲ ಬಂದರಿನ ಬೋಟಿನವರ ಮಕ್ಕಳಿದ್ದಾರೆ, ಮನೆಮಾತು ಕೊಂಕಣಿ. ಹಾಲಕ್ಕಿ ಒಕ್ಕಲಿಗರ ಮಕ್ಕಳಿದ್ದಾರೆ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟು ಪುನರ್ವಸತಿ ಕಾಲೊನಿಗೆ ಬಂದವರ ಮೊಮ್ಮಕ್ಕಳಿದ್ದಾರೆ. ರಸ್ತೆ ಮತ್ತು ಕಟ್ಟಡದ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಇರುವವರ ಮಕ್ಕಳೂ ಇದ್ದಾರೆ. ಇವರಲ್ಲಿ ಅರ್ಧದಷ್ಟು ಮಕ್ಕಳು ಪಾಠದ ಕನ್ನಡವನ್ನು ಶಾಲೆಯಲ್ಲೇ ಮೊದಲು ಕೇಳುವುದು.

ಒಂದು ದಿನ ಮನೆಗೆಲಸಕ್ಕೆ ಲೆಕ್ಕ ಕೊಡುವ ಬದಲು ಮೂರು ಪ್ರಶ್ನೆ ಕೊಡಿ. ಮನೆಯಲ್ಲಿ ಯಾರು ಹಾಡುತ್ತಾರೆ? ಯಾವಾಗ ಹಾಡುತ್ತಾರೆ? ಮನೆಯಲ್ಲಿ ಬಾರಿಸುವ ವಸ್ತು ಏನಾದರೂ ಇದೆಯಾ? ಮೂರನೆಯ ಪ್ರಶ್ನೆಗೆ ಉತ್ತರ ಜಾಸ್ತಿ ಬರುತ್ತದೆ. ಅಟ್ಟದ ಮೇಲೆ ಗುಮಟೆ (ಮಣ್ಣಿನ ಮಡಕೆಯ ಚರ್ಮವಾದ್ಯ) ಇದೆ, ಭಜನೆಯ ತಾಳ ಇದೆ, ಅಜ್ಜನ ಏಕತಾರಿ ಊರಲ್ಲೇ ಇದೆ, ದಮ್ಮಡಿ ಮಾತ್ರ ತಂದಿದ್ದೇವೆ ಅನ್ನುವ ಉತ್ತರಗಳು. ಮೊದಲ ಪ್ರಶ್ನೆಗೆ "ಯಾರೂ ಇಲ್ಲ" ಎಂದು ಬರೆದುಕೊಂಡು ಬಂದರೆ ಅಲ್ಲಿಗೇ ಬಿಡಬೇಡಿ. ದೊಡ್ಡವರು ಹಾಡುವುದನ್ನು 'ಹಾಡುಗಾರಿಕೆ' ಎಂದು ಎಷ್ಟೋ ಮನೆಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ. "ನಾಟಿ ಹೊತ್ತಿಗೆ ಅಮ್ಮ ಏನಾದರೂ ಹೇಳ್ತಾರಾ? ಮದುವೆ ಮನೆಯಲ್ಲಿ? ಚೌತಿಯಲ್ಲಿ ಆರತಿಗೆ ಯಾರು ಬಾರಿಸ್ತಾರೆ?" ಎಂದು ಬಿಡಿಸಿ ಕೇಳಿದರೆ ಅದೇ ಮಗು ಬೆರಳು ಎಣಿಸುತ್ತಾ ಹೇಳತೊಡಗುತ್ತದೆ.

ಈ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಗುವಿನ ತರಗತಿ, ಹಾಡುವವರು ಮಗುವಿಗೆ ಏನಾಗಬೇಕು, ಯಾವ ಕಾಲದ ಹಾಡು, ಯಾವ ಭಾಷೆ. ಇಷ್ಟು ಸಾಕು. ಇಡೀ ವರ್ಷದ ಪಾಠ ಇದರಿಂದಲೇ ಹುಟ್ಟುತ್ತದೆ.

ಮುಖ್ಯೋಪಾಧ್ಯಾಯರಿಗೆ, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಏನು ಹೇಳಬೇಕು

"ಇದರಿಂದ ಮಕ್ಕಳಿಗೆ ಏನು ಲಾಭ?" ಎಂದು ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೇ. ಮಾರ್ಕ್ಸ್ ಏರುತ್ತದೆ ಎಂದು ಆಸೆ ತೋರಿಸಬೇಡಿ. ಇರುವುದನ್ನು ಇದ್ದ ಹಾಗೇ ಹೇಳಿ.

ನಾನು ಹೇಳುವ ಒಂದು ಸಂಗತಿ ದೂರದ್ದು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗ್ಯಾಂಗ್ ಹಾವಳಿ ಇರುವ ಬಡ ಬಡಾವಣೆಗಳ ಮಕ್ಕಳಿಗೆ ಹಾರ್ಮನಿ ಪ್ರಾಜೆಕ್ಟ್ ಎಂಬ ಸಂಸ್ಥೆ ಸಂಗೀತ ಕಲಿಸುತ್ತದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಮತ್ತು ಸಂಗಡಿಗರು ಆ ಮಕ್ಕಳನ್ನು ಪರೀಕ್ಷೆ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 'ಬ', 'ಗ' ತರಹದ ಹತ್ತಿರ ಹತ್ತಿರದ ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಶಕ್ತಿ ಆ ಮಕ್ಕಳ ಮೆದುಳಿನಲ್ಲಿ ಚುರುಕಾಗಿತ್ತು. ಆದರೆ ಎರಡು ವರ್ಷ ಕಲಿತವರಲ್ಲಿ ಮಾತ್ರ. ಒಂದೇ ವರ್ಷ ಕಲಿತವರಲ್ಲಿ ಅದು ಕಾಣಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮ ಮಕ್ಕಳಿಗೆ ಧ್ವನಿ ಬಿಡಿಸಿ ಕೇಳುವ ಅಭ್ಯಾಸ ಎಷ್ಟು ಬೇಕು ಅನ್ನುವುದು ಉಕ್ತಲೇಖನ ತಿದ್ದುವ ಎಲ್ಲ ಶಿಕ್ಷಕರಿಗೂ ಗೊತ್ತು. ಅದಕ್ಕೇ ನಾನು ಕಾರ್ಯಕ್ರಮ ಕೇಳುವುದಿಲ್ಲ, ಎರಡು ವರ್ಷದ ವೇಳಾಪಟ್ಟಿ ಕೇಳುತ್ತೇನೆ. ವಾರಕ್ಕೆ ಒಂದೇ ಅವಧಿ, ಆದರೆ ಎರಡು ವರ್ಷ.

ಇನ್ನೊಂದು: ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮೆಕ್ಸಿಕೊ ಮೂಲದ ಕುಟುಂಬಗಳು ಜಾಸ್ತಿ. ಅಲ್ಲಿಯ ಶಾಲೆಗಳು 1970ರ ದಶಕದಿಂದಲೇ ಆ ಮಕ್ಕಳ ಮನೆಯ ಮರಿಯಾಚಿ ಸಂಗೀತವನ್ನು ಪಾಠವಾಗಿ ಇಟ್ಟುಕೊಂಡಿವೆ. ಮನೆಯ ಸಂಗೀತ ಶಾಲೆಗೆ ಬಂದರೆ ಮನೆಯವರೂ ಶಾಲೆಗೆ ಬರುತ್ತಾರೆ. ಇದನ್ನು ನಾನು ಕಾರವಾರದಲ್ಲೇ ಕಣ್ಣಾರೆ ಕಂಡಿದ್ದೇನೆ. ಪೋಷಕರ ಸಭೆಗೆ ಎಂದೂ ತಲೆ ಹಾಕದ ಅಪ್ಪ, ಗುಮಟೆ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಅದೇ ದಿನ ಮಗನ ಹಾಜರಿ, ಓದು, ಕನ್ನಡಕದ ವಿಷಯ ಎಲ್ಲ ಮಾತಾಡಿ ಮುಗಿಸಬಹುದು.

ಕಾಗದದ ಬಲ ಬೇಕಿದ್ದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ತೋರಿಸಿ. ಹತ್ತನೇ ತರಗತಿವರೆಗೆ ಕಲೆಯನ್ನು ಒಂದು ವಿಷಯವಾಗಿಯೇ ಕಲಿಸಬೇಕು ಎಂದು ಅದು ಹೇಳುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಸಿಕೊಳ್ಳಿ. ನಾಳೆ ಯಾರಾದರೂ "ಪಾಠದ ಹೊತ್ತಲ್ಲಿ ಇದೇನು ಬಡಿದಾಟ?" ಎಂದರೆ ನಿರ್ಣಯ ಪುಸ್ತಕ ಉತ್ತರ ಕೊಡುತ್ತದೆ.

ವರ್ಷದ ಲೆಕ್ಕಾಚಾರ

ಶಾಲೆಯ ವೇಳಾಪಟ್ಟಿ ಗೋಡೆ ಮೇಲೆ ಇರುತ್ತದೆ. ಹಾಡಿನ ವೇಳಾಪಟ್ಟಿ ಕಡಲು, ಗದ್ದೆಯ ಮೇಲಿರುತ್ತದೆ. ಎರಡನ್ನೂ ಹೊಂದಿಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಬೋಟಿಗೆ ಹೋಗುವ ಅಪ್ಪಂದಿರು, ಮಾಮಂದಿರು ಮನೆಯಲ್ಲಿ ಸಿಗುವುದು ಆಗಲೇ. ಬಲೆ ಸರಿಮಾಡುವ ಕೆಲಸ ಇರುತ್ತದೆ, ಆದರೂ ಒಂದು ಗಂಟೆ ಬಿಡುವು ಮಾಡಿಕೊಳ್ಳುತ್ತಾರೆ. ಚೌತಿಯ ಆರತಿಗೆ ಗುಮಟೆ ಬಾರಿಸುವವರು ಹೇಗೂ ಕೈ ಕುದುರಿಸಿಕೊಳ್ಳಬೇಕು. ಹಾಗಾಗಿ ಗುಮಟೆ ಪಾಠ ಜೂನ್, ಜುಲೈಗೆ. ಕಷ್ಟ ಅಂದರೆ ಮಳೆ. ಆ ತೇವಕ್ಕೆ ಚರ್ಮ ಸಡಿಲ ಬೀಳುತ್ತದೆ, ನಾದ ಸತ್ತುಹೋಗುತ್ತದೆ. ಬಿಸಿಯೂಟದ ಒಲೆ ಆರಿಸಿದ ಮೇಲೆ ಅಡುಗೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಚರ್ಮ ಮತ್ತೆ ಬಿಗಿಯುತ್ತದೆ. ಒಲೆ ಉರಿಯುವಾಗ ಹತ್ತಿರ ಇಡಬೇಡಿ, ಚರ್ಮ ಸೀಳುತ್ತದೆ. ಅಡುಗೆಯವರನ್ನು ಮೊದಲೇ ಕೇಳಿಕೊಳ್ಳಿ, ಅವರ ಜಾಗ ಅದು.

ನಾಟಿ ಹಾಡಿನ ಕಾಲವೂ ಇದೇ ಮಳೆಗಾಲ. ಆದರೆ ಹಾಡುವ ಹೆಂಗಸರು ಆಗ ಗದ್ದೆಯಲ್ಲಿರುತ್ತಾರೆ. ಅವರನ್ನು ನಾಟಿ ಮುಗಿದ ಮೇಲೆ ಕರೆಯಿರಿ. ಹಾಡು ಎಲ್ಲಿಗೂ ಹೋಗುವುದಿಲ್ಲ, ಒಂದು ದಿನದ ಕೂಲಿ ಹೋದರೆ ಮನೆಗೆ ಕಷ್ಟ.

ಆಗಸ್ಟಿನಿಂದ ಬೋಟು ಕಡಲಿಗೆ ಇಳಿಯುತ್ತವೆ. ಆಮೇಲೆ ನವೆಂಬರ್ ತನಕ ತಾಳ, ಬಾಯಿಪಾಠ, ಕಲಿತ ಹಾಡಿನ ಮರುಕಲಿಕೆ. ಮಕ್ಕಳು ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ಅಲ್ಲಿಯ ಹಾಡು ತರುತ್ತಾರೆ, ಅದಕ್ಕೂ ಜಾಗ ಇಡಿ. ಸುಗ್ಗಿ ಬರುವುದು ಹೋಳಿ ಹುಣ್ಣಿಮೆ ಹೊತ್ತಿಗೆ, ಆಗ ವಾರ್ಷಿಕ ಪರೀಕ್ಷೆಯ ತಯಾರಿ. ಹೊಸದನ್ನು ಕಲಿಸಲು ಹೋಗಬೇಡಿ. ಸುಗ್ಗಿ ಕುಣಿತ ಓಣಿಗೆ ಬಂದಾಗ ಮಕ್ಕಳು ನೋಡಿ ಬಂದು ಹೇಳಲಿ, ಸಾಕು.

ಹಿರಿಯರನ್ನು ಕರೆಯುವುದು

ಇದನ್ನು ಚೀಟಿ ಬರೆದು ಮಗುವಿನ ಕೈಗೆ ಕೊಟ್ಟು ಮುಗಿಸಬೇಡಿ. ಮನೆಗೆ ಹೋಗಿ. ಹಾಲಕ್ಕಿ ಕೊಪ್ಪದಲ್ಲಾದರೆ (ಅವರ ಕೇರಿಗೆ ಕೊಪ್ಪ ಅನ್ನುತ್ತಾರೆ) ಮೊದಲು ಅಲ್ಲಿಯ ಮುಖಂಡರಾದ ಊರಗೌಡರನ್ನೋ ಬುಧವಂತರನ್ನೋ ಕಂಡು ಮಾತಾಡಿ. ಅವರ ಕಟ್ಟಳೆ ಹಾಗಿದೆ. ಅವರು ಒಪ್ಪಿದರೆ ಇಡೀ ಕೊಪ್ಪ ಒಪ್ಪಿದ ಹಾಗೆ. ಯಾವುದನ್ನು ಶಾಲೆಯಲ್ಲಿ ಹಾಡಬಹುದು, ಯಾವುದನ್ನು ಹಾಡಬಾರದು ಅಂತ ಅವರನ್ನೇ ಕೇಳಿ. ಸುಗ್ಗಿಯ ತುರಾಯಿಗೆ ಅದರದ್ದೇ ನೇಮ ಇದೆ, ದೇವರ ಮುಂದೆ ಕಟ್ಟಿಕೊಳ್ಳುವ ವಸ್ತು ಅದು. ಶಾಲಾ ವಾರ್ಷಿಕೋತ್ಸವಕ್ಕೆ ಬಣ್ಣದ ಕಾಗದದಲ್ಲಿ ತುರಾಯಿ ಮಾಡಿ ಮಕ್ಕಳ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಕೇಳಿದರೆ ಅವರು ನಕ್ಕು ಸುಮ್ಮನಾಗಬಹುದು, ಆದರೆ ಮನಸ್ಸಿಗೆ ನೋವಾಗುತ್ತದೆ.

ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ಎಲ್ಲರಿಗೂ ಗೊತ್ತು. ಶಾಲೆಗೆ ಹೋಗಿ ಕಲಿತವರಲ್ಲ, ಹಾಲಕ್ಕಿ ಹಾಡುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ನಮ್ಮ ಶಾಲೆಯ ಹಾಲಕ್ಕಿ ಅಜ್ಜಿಯರ ಮುಖ ಅರಳುತ್ತದೆ. "ನಾವೂ ಹೇಳ್ತಿದ್ವು ಆ ಪದ" ಅನ್ನುತ್ತಾರೆ. ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬಂದವರಿಗೆ ಸಂಭಾವನೆ ಕೊಡಲೇಬೇಕು. ಶಾಲು, ಹಾರ, ಕಾಯಿ ಕೊಡುವುದು ಚೆಂದವೇ, ಆದರೆ ಅದರಿಂದ ಅಕ್ಕಿ ಬರುವುದಿಲ್ಲ. ಕಡೇ ಪಕ್ಷ ಅವರ ಆ ದಿನದ ಕೂಲಿಯಷ್ಟು, ಜೊತೆಗೆ ಬಸ್ಸಿನ ಖರ್ಚು. ಎಸ್‌ಡಿಎಂಸಿಯವರು, ಹಳೆಯ ವಿದ್ಯಾರ್ಥಿಗಳು, ಬಂದರಿನ ವ್ಯಾಪಾರಸ್ಥರು ಕೇಳಿದರೆ ಕೊಡುತ್ತಾರೆ. "ಹಾರ್ಮೋನಿಯಂ ಕೊಡಿಸಿ" ಎಂದು ಕೇಳುವುದಕ್ಕಿಂತ "ಈ ತಿಂಗಳು ಒಬ್ಬ ಅಜ್ಜಿಯ ಕೂಲಿ ನಿಮ್ಮದು" ಎಂದು ಕೇಳುವುದು ಸುಲಭ. ರಸೀದಿ ಕೊಡಿ, ಹೆಸರು ಬರೆದಿಡಿ.

ಕವಳದ (ತಂಬಾಕು ಹಾಕಿದ ಎಲೆಯಡಿಕೆಯ) ವಿಷಯವನ್ನೂ ಮನೆಯಲ್ಲೇ ನಯವಾಗಿ ಹೇಳಿಬಿಡಿ. ಶಾಲೆಯ ಆವರಣದಲ್ಲಿ ತಂಬಾಕು ಕೂಡದು. ಹಾಡಲು ಕುಳಿತ ಮೇಲೆ ಎಲ್ಲರೆದುರು ಹೇಳಿದರೆ ಅವಮಾನ ಮಾಡಿದಂತಾಗುತ್ತದೆ. ಹೊರಡುವ ಮೊದಲೇ ಹೇಳಿದರೆ ಕವಳ ಹಾಕಿ ಉಗಿದು, ಬಾಯಿ ತೊಳೆದೇ ಬರುತ್ತಾರೆ.

ಹೊರಗಿನವರು ಯಾರೇ ಬರಲಿ, ಎಷ್ಟೇ ಪರಿಚಯದವರಿರಲಿ, ಒಬ್ಬ ಶಿಕ್ಷಕರು ಪೂರ್ತಿ ಹೊತ್ತು ತರಗತಿಯಲ್ಲೇ ಇರಬೇಕು. ಇದು ಮಕ್ಕಳ ರಕ್ಷಣೆಯ ನಿಯಮ, ಸಡಿಲ ಬಿಡುವಂತಿಲ್ಲ. ಬಂದವರಿಗೂ ಇದರಿಂದ ಒಳ್ಳೆಯದೇ.

ಅಜ್ಜಿ ಬಂದ ದಿನ ತರಗತಿ ಹೇಗೆ ನಡೆಸಬೇಕು

ಕುರ್ಚಿ, ಮೇಜು, ಮೈಕು ಎಲ್ಲ ಪಕ್ಕಕ್ಕೆ ಇಡಿ. ಚಾಪೆ ಹಾಸಿ. ಅಜ್ಜಿಯನ್ನು ಎದುರಿಗೆ ಒಬ್ಬರೇ ಕೂರಿಸಿದರೆ ಹಾಡು ಹೊರಡುವುದಿಲ್ಲ. ಅವರ ಜೊತೆ ಹಿಂದಿನಿಂದ ದನಿ ಹಿಡಿಯುವ ಇನ್ನೊಬ್ಬರು ಬೇಕೇ ಬೇಕು. ಅದಕ್ಕೇ ಕರೆಯುವಾಗ ಇಬ್ಬರನ್ನು ಕರೆಯಿರಿ, ಇಬ್ಬರಿಗೂ ಸಂಭಾವನೆ ಕೊಡಿ. ಮಕ್ಕಳನ್ನು ಸುತ್ತಲೂ ಕೂರಿಸಿ. ಮೊಮ್ಮಗಳು ಅಜ್ಜಿಯ ಮಗ್ಗುಲಲ್ಲಿ ಕುಳಿತುಕೊಳ್ಳಲಿ.

ನಮ್ಮಲ್ಲಿ ಬಂದ ಒಬ್ಬ ಅಜ್ಜಿ ಮೊದಲು ಹಾಡಲೇ ಇಲ್ಲ. ಮಕ್ಕಳ ಕೈ ನೋಡಿದರು. "ನಟ್ಟಿ ಮಾಡೂಕೆ ಬತ್ತದಾ?" ಅಂದರು. ಯಾರಿಗೂ ಬರುವುದಿಲ್ಲ. ಹಾಗಾದರೆ ಮೊದಲು ಅದು ಎಂದು ಎದ್ದು ನಿಂತು, ಸೊಂಟ ಬಗ್ಗಿಸಿ, ಎಡಗೈಯಲ್ಲಿ ಸಸಿಕಟ್ಟು ಹಿಡಿದ ಹಾಗೆ, ಬಲಗೈಯಲ್ಲಿ ಒಂದೊಂದೇ ಊರುತ್ತಾ ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಮಕ್ಕಳೂ ಸಾಲಾಗಿ ನಿಂತು ಹಾಗೇ ಮಾಡಿದರು. ಕೈ ಊರುವ ಲಯ ಎಲ್ಲರದ್ದೂ ಒಂದೇ ಆದ ಮೇಲೆ ಅಜ್ಜಿ ಪದ ಎತ್ತಿದರು. ಜೊತೆಯವರು ಹಿಡಿದರು. ಮೂರನೇ ಸಾಲಿನ ಹೊತ್ತಿಗೆ ಮಕ್ಕಳೂ ಹಿಡಿದಿದ್ದರು. ಹಾಡು ಎಷ್ಟು ನಿಧಾನ ಇರಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದನ್ನು ನಾನು ವಿವರಿಸಬೇಕಾಗಲೇ ಇಲ್ಲ. ಬಗ್ಗಿದ ಬೆನ್ನೇ ಅದನ್ನು ಕಲಿಸಿತು. ಅಂದಿನಿಂದ ಕೆಲಸದ ಹಾಡು ಯಾವುದೇ ಇರಲಿ, ಮೊದಲು ಕೆಲಸ, ಆಮೇಲೆ ಹಾಡು ಎಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಬೀಸುವ ಹಾಡಿಗೆ ಕೈ ತಿರುಗಿಸುವುದು, ಬಲೆ ಎಳೆಯುವ ಕೂಗಿಗೆ ಹಗ್ಗ ಎಳೆಯುವುದು.

ಅಜ್ಜಿಯ ಕನ್ನಡವನ್ನು ತಿದ್ದಬೇಡಿ. ಹಾಲಕ್ಕಿ ಕನ್ನಡ ಇದ್ದ ಹಾಗೇ ಇರಲಿ. ಕಪ್ಪು ಹಲಗೆಯ ಮೇಲೆ ಬರೆಯುವಾಗಲೂ ಅವರು ಹೇಳಿದ್ದನ್ನೇ ಬರೆಯಿರಿ. ಕೊಂಕಣಿ ಹಾಡನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ನಿಮಗೆ ಕೊಂಕಣಿ ಬರದಿದ್ದರೆ, ಬಯಲುಸೀಮೆಯಿಂದ ಬಂದ ನನ್ನ ಸಹೋದ್ಯೋಗಿ ಮಾಡುವಂತೆ, ಕೊಂಕಣಿ ಬರುವ ಮಗುವಿನ ಕೈಗೆ ಚಾಕ್‌ಪೀಸ್ ಕೊಡಿ. ಹಿಂದಿನ ಬೆಂಚಿನ ಹುಡುಗಿ ಅಂದು ಇಡೀ ತರಗತಿಗೆ ಅಕ್ಕೋರು.

ಗುಮಟೆ: ಕೊಳ್ಳುವ ಮೊದಲು ಇದನ್ನು ಓದಿ

ಗುಮಟೆ ಅಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಹೊದೆಸಿ ದಾರದಿಂದ ಬಿಗಿದಿರುತ್ತಾರೆ. ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಬೆರಳುಗಳಿಂದ ಚರ್ಮಕ್ಕೆ ಬಾರಿಸಬೇಕು, ಎಡ ಅಂಗೈಯಿಂದ ಸಣ್ಣ ಬಾಯಿ ಮುಚ್ಚಿ ತೆರೆಯಬೇಕು. ಮುಚ್ಚಿ ಬಾರಿಸಿದರೆ ನಾದ ಗಂಟಲಲ್ಲೇ ನಿಂತ ಹಾಗೆ ಕೇಳುತ್ತದೆ. ಬಾರಿಸಿದ ಕೂಡಲೇ ಅಂಗೈ ಸರಿಸಿದರೆ 'ದುಂವ್' ಎಂದು ಉಬ್ಬಿ ಹೊರಗೆ ಬರುತ್ತದೆ. ಮಕ್ಕಳಿಗೆ ಇದೇ ಮೋಡಿ. ಗಾಳಿ ಒಳಗೆ ಹೇಗೆ ಅದುರುತ್ತದೆ, ಬಾಯಿ ಮುಚ್ಚಿದರೆ ಯಾಕೆ ಬದಲಾಗುತ್ತದೆ ಅನ್ನುವ ವಿಜ್ಞಾನ ಪಾಠ ಆ ಗುಮಟೆಯಲ್ಲೇ ಇದೆ. ಶಬ್ದದ ಅಧ್ಯಾಯವನ್ನು ನಾನು ಈಗ ಗುಮಟೆ ಇಲ್ಲದೆ ಮಾಡುವುದಿಲ್ಲ.

ಗುಮಟೆ ಪಾಂಗು ಎಂಬ ಹಾಲಕ್ಕಿಯವರ ಹಾಡುಗಾರಿಕೆಯಲ್ಲೂ ಇದೇ ವಾದ್ಯ, ಕೊಂಕಣಿಯವರ ಚೌತಿಯ ಆರತಿಯಲ್ಲೂ ಇದೇ. ಗೋವಾದ ಕ್ರೈಸ್ತರು ಮಾಂಡೊ ಹಾಡುವಾಗ ಜೊತೆಗೆ ಬಾರಿಸುವುದೂ ಇದನ್ನೇ. ಪಟ್ಟಣದ ಶಾಲೆಗೆ ಇದಕ್ಕಿಂತ ಒಳ್ಳೆಯ ವಾದ್ಯ ಬೇಕಾ? ಯಾವ ಮಗುವೂ "ಇದು ಅವರದ್ದು, ನಮ್ಮದಲ್ಲ" ಅನ್ನಲಾರದು.

ಆದರೆ ಒಂದು ಎಚ್ಚರಿಕೆ. ಹಳೆಯ ಗುಮಟೆಗಳಿಗೆ ಹಾಕುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಇದೆ. ಅದನ್ನು ಕೊಲ್ಲುವುದೂ ಅಪರಾಧ, ಚರ್ಮ ಮಾರುವುದು, ಕೊಳ್ಳುವುದೂ ಅಪರಾಧ. "ನಾದ ಅಂದರೆ ಉಡದ್ದೇ ಅಕ್ಕೋರೇ" ಎಂದು ಬಾರಿಸುವವರು ಹೇಳಬಹುದು. ಶಾಲೆಗೆ ಅದು ಬೇಡ. ಆಡಿನ ಚರ್ಮದ್ದನ್ನೇ ಕೇಳಿ ಮಾಡಿಸಿಕೊಳ್ಳಿ. ಗೋವಾ ಸರ್ಕಾರ 2019ರಲ್ಲಿ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿತು, ಅಲ್ಲೂ ಈಗ ಆಡಿನ ಚರ್ಮದಲ್ಲೇ ಮಾಡುತ್ತಾರೆ. ಮಕ್ಕಳಿಗೂ ಇದನ್ನು ಬಿಚ್ಚಿ ಹೇಳಿ. ಕಾಡಿನ ಅಂಚಿನ ಮನೆಯ ಮಕ್ಕಳಿಗೆ ಉಡ ಗೊತ್ತಿರುತ್ತದೆ. ವಾದ್ಯವೂ ಉಳಿಯಬೇಕು, ಉಡವೂ ಉಳಿಯಬೇಕು, ಹೇಗೆ ಅನ್ನುವ ಚರ್ಚೆ ಐದನೇ ತರಗತಿಯವರೂ ಚೆನ್ನಾಗಿ ಮಾಡುತ್ತಾರೆ.

ಪ್ರತಿ ಮಗುವಿಗೂ ಗುಮಟೆ ಕೊಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಒಂದೆರಡು ನಿಜವಾದ ಗುಮಟೆ, ಉಳಿದವರಿಗೆ ಪ್ಲಾಸ್ಟಿಕ್ ಕೊಡ. ಕೊಡದ ಬಾಯಿಗೆ ಎಡ ಅಂಗೈ, ಹೊಟ್ಟೆಗೆ ಬಲಗೈ. ಕೈ ಹೊಂದಿಕೊಂಡ ಮೇಲೆ ಸರದಿಯಲ್ಲಿ ಗುಮಟೆ. ಮಣ್ಣಿನದು ಬಿದ್ದರೆ ಒಡೆಯುತ್ತದೆ, ಅದಕ್ಕೆ ನೆಲದಲ್ಲಿ ಕುಳಿತೇ ಬಾರಿಸಲಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಚರ್ಮಕ್ಕೆ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಬಟ್ಟೆ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ. ಹಾರ್ಮೋನಿಯಂ ಇದ್ದರೆ ಅದಕ್ಕೂ ಇದೇ ಉಪಚಾರ. ಕಡಲಿನ ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ.

ಯಕ್ಷಗಾನದ ತಾಳದಿಂದ ಲ.ಸಾ.ಅ.

ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಇದೆ. ಇಂಥ ಜಿಲ್ಲೆಯಲ್ಲಿ ಇದ್ದುಕೊಂಡು ಯಕ್ಷಗಾನ ಬಿಡುವುದುಂಟಾ? ಆದರೆ ಪಟ್ಟಣದ ಶಾಲೆಯಲ್ಲಿ ಚಂಡೆಯಿಂದ ಶುರು ಮಾಡಬೇಡಿ. ಪಕ್ಕದ ಕೋಣೆಯಲ್ಲಿ ಪಾಠ ನಿಂತುಹೋಗುತ್ತದೆ, ಸಹೋದ್ಯೋಗಿಗಳ ಸಹನೆಯೂ ಮುಗಿಯುತ್ತದೆ. ಕೈತಾಳದಿಂದ ಶುರು ಮಾಡಿ. ಖರ್ಚು ಸೊನ್ನೆ.

ಏಕತಾಳಕ್ಕೆ 4 ಎಣಿಕೆ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಏಕ, ಇನ್ನೊಂದು ರೂಪಕ. ಮೊದಲ ಎಣಿಕೆಗೆ ಮಾತ್ರ ಜೋರಾಗಿ ಚಪ್ಪಾಳೆ, ಉಳಿದದ್ದು ಬೆರಳಲ್ಲಿ. ಒಟ್ಟಿಗೆ ಹೊರಟ ಎರಡು ಗುಂಪೂ 12 ಎಣಿಕೆ ಮುಗಿದು ಹದಿಮೂರನೆಯದಕ್ಕೆ ಮತ್ತೆ ಒಟ್ಟಿಗೆ ಚಪ್ಪಾಳೆ ತಟ್ಟುತ್ತವೆ. ಇದು ಬೇಗ ಬರುತ್ತದೆ. ಆಮೇಲೆ ಏಕ ಮತ್ತು ತ್ರಿವುಡೆ ಕೊಡಿ. ಏಕದವರ ಚಪ್ಪಾಳೆ 1, 5, 9, 13, 17, 21, 25ಕ್ಕೆ. ತ್ರಿವುಡೆಯವರದ್ದು 1, 8, 15, 22ಕ್ಕೆ. ಇಬ್ಬರೂ ಸೇರುವುದು 28 ಎಣಿಕೆ ಕಳೆದ ಮೇಲೆ, 29ನೆಯದಕ್ಕೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಯಾರೋ ಒಬ್ಬರು ಜಾರುತ್ತಾರೆ, ಮತ್ತೆ ಮೊದಲಿಂದ. ಒಮ್ಮೆ ತಪ್ಪದೆ ಸೇರಿದಾಗ ಆ ಒಂದೇ ಚಪ್ಪಾಳೆಗೆ ಇಡೀ ಕೋಣೆ ಕೂಗಿಕೊಳ್ಳುತ್ತದೆ. ಆಗ ಹಲಗೆಯ ಮೇಲೆ ಬರೆಯಿರಿ: 4 ಮತ್ತು 7ರ ಲ.ಸಾ.ಅ. 28. ಇದಾದ ಮೇಲೆ 6 ಮತ್ತು 10 ಕೊಟ್ಟು ಎಲ್ಲಿ ಸೇರುತ್ತೇವೆ ಎಂದು ಮೊದಲೇ ಹೇಳಲು ಬಿಡಿ. ಆರನೇ ತರಗತಿಯವರು 30 ಎಂದು ತಟ್ಟಿ ನೋಡದೆಯೇ ಹೇಳುತ್ತಾರೆ, ಆದರೂ ತಟ್ಟಿ ನೋಡಬೇಕು ಎಂದು ಹಟ ಹಿಡಿಯುತ್ತಾರೆ.

ಸಂಗೀತ ಅಂದರೆ ಗಣಿತ ಕಲಿಸುವ ಉಪಾಯ ಅಷ್ಟೇ ಎಂದು ನಾನು ಹೇಳುತ್ತಿಲ್ಲ. ತಾಳ ತಾಳಕ್ಕಾಗಿಯೇ ಬೇಕು. ಲೆಕ್ಕ ಅದರ ಜೊತೆಗೇ ಬರುವಾಗ ಬೇಡ ಅನ್ನುವುದು ಯಾಕೆ?

ಹೊರ ಜಿಲ್ಲೆಯ ಮಕ್ಕಳನ್ನು ಬಿಡಬೇಡಿ

ಹೆಚ್ಚಿನ ಕಾರ್ಯಕ್ರಮ ಸೋಲುವುದು ಇಲ್ಲೇ. ಊರ ಸಂಸ್ಕೃತಿ ಎಂದು ಹೇಳಿ ಊರಿನವರ ಮಕ್ಕಳನ್ನು ಮಾತ್ರ ಮುಂದೆ ತರುತ್ತೇವೆ. ರಸ್ತೆ ಕೆಲಸದವರ ಮಗು ಹಿಂದೆ ಕುಳಿತು ನೋಡುತ್ತದೆ.

ನಮ್ಮಲ್ಲಿ ಕೊಪ್ಪಳ ಕಡೆಯ ಒಬ್ಬ ಹುಡುಗನಿದ್ದ. ಮಾತೇ ಕಡಿಮೆ. ಅವನ ಮಾತಿನ ಧಾಟಿಗೆ ಬೇರೆ ಮಕ್ಕಳು ನಗುತ್ತಾರೆ ಅನ್ನುವ ಅಂಜಿಕೆ. ನೋಟ್‌ಬುಕ್ಕಿನ ಪಟ್ಟಿಯಲ್ಲಿ 'ಅಪ್ಪ, ತತ್ವಪದ, ದಮ್ಮಡಿ' ಎಂದಿತ್ತು. ಅಪ್ಪನಿಗೆ ರಜೆ ಸಿಗುವುದು ಭಾನುವಾರ ಮಾತ್ರ. ಹಾಗಾಗಿ ಒಂದು ಭಾನುವಾರ ಸಂಜೆ ಅವರ ಕೋಣೆಗೇ ಹೋಗಿ, ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸೋಮವಾರ ತರಗತಿಯಲ್ಲಿ ಹಾಕಿದೆ. ದಮ್ಮಡಿ ಹಿಡಿಯುವುದು ಹೇಗೆ ಎಂದು ಹುಡುಗ ತೋರಿಸಿದ. ಬೋಟಿನವರ ಮಗ ಬಂದು "ನಂಗೂ ಕಲಿಸೋ" ಎಂದು ಪಕ್ಕದಲ್ಲಿ ಕುಳಿತ. ಆಮೇಲೆ ಅವನ ಮಾತಿಗೆ ಯಾರೂ ನಗಲಿಲ್ಲ. ಆ ಕುಟುಂಬ ಕೆಲಸ ಮುಗಿಸಿ ಬೇರೆ ಊರಿಗೆ ಹೋಯಿತು, ಆದರೆ ನಮ್ಮ ಮಕ್ಕಳು ಆ ಪದವನ್ನು ಈಗಲೂ ಹಾಡುತ್ತಾರೆ.

ನಿಮ್ಮ ಶಾಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿದ್ದರೆ ಸಿದ್ದಿಯರ ಡಮಾಮಿ ವಾದ್ಯ ಇದೆ. ಶಿರಸಿ ಪೇಟೆಯಲ್ಲಿದ್ದರೆ ಬೇಡರ ವೇಷದ ತಮಟೆ ಪೆಟ್ಟನ್ನು ಮಕ್ಕಳು ಬೆಂಚಿನ ಮೇಲೆ ದಿನಾ ಬಾರಿಸುತ್ತಲೇ ಇರುತ್ತಾರೆ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಗೆ ಬೇಡರ ವೇಷ ಬರುತ್ತದೆ, ಆ ವರ್ಷ ಶುರು ಮಾಡಿದರೆ ಕಲಿಸುವವರು ಸುಲಭವಾಗಿ ಸಿಗುತ್ತಾರೆ. ಬೆಂಚು ಬಡಿದದ್ದಕ್ಕೆ ಬೈಯುವ ಬದಲು ಶನಿವಾರ ತಮಟೆಯವರನ್ನೇ ಕರೆಸಿ.

ಸ್ಪರ್ಧೆ, ರೆಕಾರ್ಡಿಂಗ್

ಪ್ರತಿಭಾ ಕಾರಂಜಿ ಬಂತೆಂದರೆ ಎಲ್ಲ ಶಾಲೆಗಳೂ ಚೆನ್ನಾಗಿ ಹಾಡುವ ಆರೇಳು ಮಕ್ಕಳನ್ನು ಆರಿಸಿ ತಿಂಗಳಿಡೀ ಒಂದೇ ಹಾಡು ಗಟ್ಟಿ ಮಾಡಿಸುತ್ತವೆ. ಸ್ಪರ್ಧೆಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ವಾರದ ತರಗತಿಯನ್ನು ಅದಕ್ಕೆ ಬಲಿ ಕೊಡಬೇಡಿ. ವಾರದ ತರಗತಿ ಎಲ್ಲ ಮಕ್ಕಳದ್ದು, ಸ್ವರ ನಿಲ್ಲದವರದ್ದೂ ಹೌದು. ಸ್ಪರ್ಧೆಯ ತಯಾರಿ ಬೇರೆ ಹೊತ್ತಿನಲ್ಲಿ ಮಾಡಿ.

ಹಾಡು ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಶಾಲೆಯಲ್ಲಿ ಕೇಳಿಸಲು ಒಪ್ಪಿದರು ಅಂದರೆ ಯೂಟ್ಯೂಬಿಗೆ ಹಾಕಲು ಒಪ್ಪಿದರು ಅಂತಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಮಕ್ಕಳ ಮುಖ ಕಾಣುವ ವಿಡಿಯೊ ಪೋಷಕರ ಒಪ್ಪಿಗೆ ಇಲ್ಲದೆ ಎಲ್ಲಿಗೂ ಹೋಗಬಾರದು, ವಾಟ್ಸಾಪ್ ಗುಂಪಿಗೂ. ಪ್ರತಿ ರೆಕಾರ್ಡಿಂಗಿನ ಶುರುವಿಗೆ ಹಾಡಿದವರೇ ತಮ್ಮ ಹೆಸರು, ಕೊಪ್ಪ, ಯಾರಿಂದ ಕಲಿತದ್ದು ಎಂದು ಹೇಳಲಿ. ಫೋನು ಹಾಳಾದರೆ ಎಲ್ಲ ಹೋಯಿತು ಎಂದಾಗಬಾರದು, ಪೆನ್‌ಡ್ರೈವಿಗೆ ಹಾಕಿ ಒಂದು ಪ್ರತಿ ಹಾಡಿದವರ ಮನೆಗೆ ಕೊಡಿ.

ವರ್ಗಾವಣೆಯಾದರೆ

ಸರ್ಕಾರಿ ಶಾಲೆಯಲ್ಲಿ ಇಂದು ಇದ್ದವರು ನಾಳೆ ಇರುವುದಿಲ್ಲ. ತರಗತಿ ನಿಮ್ಮೊಬ್ಬರ ಮೇಲೆ ನಿಲ್ಲದ ಹಾಗೆ ಮೊದಲ ವರ್ಷದಿಂದಲೇ ನೋಡಿಕೊಳ್ಳಿ. ಇನ್ನೊಬ್ಬ ಶಿಕ್ಷಕರನ್ನು ಜೊತೆಗೆ ಕೂರಿಸಿಕೊಳ್ಳಿ. ಏಳನೇ ತರಗತಿಯ ಮಕ್ಕಳು ನಾಲ್ಕನೆಯವರಿಗೆ ಕಲಿಸಲಿ, ಇದು ತಿಂಗಳಿಗೊಮ್ಮೆ ಸಾಕು. ಗುಮಟೆ, ತಾಳ, ದಮ್ಮಡಿ ಎಲ್ಲವನ್ನೂ ದಾಸ್ತಾನು ವಹಿಯಲ್ಲಿ ಏರಿಸಿ, ಚರ್ಮ ಆಡಿನದ್ದು ಎಂದೂ ಬರೆಯಿರಿ. ಹಾಡುಗಳ ನೋಟ್‌ಬುಕ್ಕು ನಿಮ್ಮ ಚೀಲದಲ್ಲಿ ಮನೆಗೆ ಹೋಗಬಾರದು, ಅದು ಶಾಲೆಯ ಕಪಾಟಿನಲ್ಲಿ ಇರಬೇಕು. ಕೊನೆಯ ಪುಟದಲ್ಲಿ ಯಾವ ಅಜ್ಜಿಯನ್ನು ಯಾವ ತಿಂಗಳು ಕರೆಯಬೇಕು, ಯಾರ ಮನೆಗೆ ಮೊದಲು ಹೋಗಿ ಕೇಳಬೇಕು, ಯಾರು ಸಂಭಾವನೆಗೆ ದುಡ್ಡು ಕೊಡುತ್ತಾರೆ ಎಂದು ಬರೆದಿಡಿ. ಹೊರಡುವ ಮೊದಲು ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಮನೆಗಳನ್ನು ತೋರಿಸಿ ಬನ್ನಿ.